ಗದಗದ ಮಾವ ಕೊಟ್ಟ ಶಟರ್ ಪಜೀತಿ

ಆರ್.ಟಿ. ನಗರದಲ್ಲಿ ನಂದು ಕ್ಯಾಮೆರಾ ರಿಪೇರಿ ಅಂಗಡಿ ಐತಲ್ಲ, ಅದರ ಬಾಗ್ಲು ತೆಗೆದ್ರೆ ಸಾಕು, ತಮಾಸೆ ತಾನೇ ಕಾಲ್ ಬಂದಂಗೆ ನಡ್ಕೊಂಡು ಒಳಕ್ಕೆ ಬತ್ತದೆ. ಮೊನ್ನೆ ಒಬ್ಬಮ್ಮ ಬಂದು, "ಈ ಕ್ಯಾಮೆರಾದಲ್ಲಿ ನಾನು ದಪ್ಪ ಕಾಣ್ತೀನಿ, ರಿಪೇರಿ ಮಾಡ್ಕೊಡಿ" ಅಂದ್ಲು. ಅವಳ ಗಂಡ ಹಿಂದೆ ನಿಂತ್ಕೊಂಡು ಕೈ ಮುಗೀತಾವ್ನೆ, ಆಯ್ತು ಅಂತ ಒಪ್ಕೊಂಡ್ಬುಡಿ ಅಂತ. ಒಪ್ಕೊಂಡೆ. ಏನ್ ಮಾಡಾದು, ಅವನೂ ಮನೆಗೆ ಹೋಗ್ಬೇಕಲ್ಲ!

ನಾನು ಓದಿರಾದು ಐದನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಆದ್ರೆ ಶಟರ್ ವಿಸ್ಯಕ್ಕೆ ಬಂದ್ರೆ ಹೆಬ್ಬಾಳದಿಂದ ಯಶವಂತಪುರದ ಗಂಟ ನನ್ ಮುಂದೆ ನಿಲ್ಲೋ ಗಂಡು ಇನ್ನೂ ಹುಟ್ಟಿಲ್ಲ. ಮೊಬೈಲ್ ಬಂದಾಗ ಎಲ್ರೂ "ಮುಗೀತು ಯಜಮಾನ್ರೆ ನಿಮ್ ಕತೆ" ಅಂದ್ರು. ಈಗ ನೋಡಿ, ಕಾಲೇಜ್ ಹೈಕ್ಳೆಲ್ಲ ತಾತನ ಬೀರು ತಡಕಾಡಿ ರೀಲ್ ಕ್ಯಾಮೆರಾ ಎತ್ಕೊಂಡು ನನ್ನಂಗಡಿ ಮುಂದೆ ಕ್ಯೂ ನಿಂತವೆ! ನಂಗೆ ಮತ್ತೆ ಶುಕ್ರದೆಸೆ.

ಶಟರ್ ಅಂದ್ರೇನು ಅಂತ ಒಸಿ ಏಳ್ಬುಡ್ತೀನಿ. ಮದ್ವೆ ಛತ್ರದಲ್ಲಿ ಊಟದ ಹಾಲ್ ನೋಡಿದ್ದೀರಲ್ಲ? ಬಾಗ್ಲಲ್ಲಿ ಇಬ್ರು ನಿಂತಿರ್ತಾರೆ. ಒಬ್ಬ ತೆಗೆಯೋನು, ಇನ್ನೊಬ್ಬ ಮುಚ್ಚೋನು. ಕ್ಯಾಮೆರಾ ಒಳಗೂ ಅಂಗೇ ಎರಡು ಪರದೆ. ಒಂದೊಂದನ್ನೂ ಒಂದೊಂದು ಪುಟಾಣಿ ಕರೆಂಟಿನ ಮ್ಯಾಗ್ನೆಟ್ಟು ಇಡ್ಕೊಂಡಿರ್ತದೆ. ಕರೆಂಟು ಕಟ್ಟಾದ್ರೆ ಕೈ ಬುಡ್ತದೆ. ಮೊದಲನೇ ಪರದೆ ಓಡ್ತದೆ, ಬೆಳಕು ನುಗ್ತದೆ. ಎರಡನೇದು ಓಡ್ತದೆ, ಬೆಳಕು ಬಂದ್. ಇವೆರಡರ ಮಧ್ಯ ಎಷ್ಟು ಟೈಮು ಗೊತ್ತಾ? ಒಂದು ಸೆಕೆಂಡನ್ನ ಸಾವಿರ ಚೂರು ಮಾಡಿ, ಅದ್ರಲ್ಲಿ ಒಂದೇ ಒಂದು ಚೂರು! ಮುಚ್ಚೋನು ತಡ ಮಾಡಿದ್ನೋ, ಊರೆಲ್ಲ ಊಟಕ್ಕೆ ನುಗ್ಗಿ ಫೋಟೋ ಬೆಳ್ಳಗೆ. ಬೇಗ ಮುಚ್ಚಿದ್ನೋ, ಗಂಡಿನ ಕಡೆಯೋರೂ ಆಚೆಗೇ ನಿಂತು ಫೋಟೋ ಕಪ್ಪಗೆ. ಇಷ್ಟೇ ಕಣ್ರೀ ವಿದ್ಯೆ. ಇದನ್ನ ಕಲಿಯಾಕೆ ನಂಗೆ ನಲವತ್ತು ವರ್ಷ ಹಿಡೀತು.

ಈ ಇಬ್ರು ಬಾಗ್ಲು ಕಾಯೋರಿಂದ ಒಬ್ಬ ಮೇಷ್ಟ್ರಿಗೆ ಆದ ಪಜೀತಿ ಏಳ್ತೀನಿ ಕೇಳಿ.

೧. ಹನ್ನೊಂದು ಆಯುಧ ಪೂಜೆ

ಮೇಷ್ಟ್ರು ಗದಗ ಕಡೆಯೋರು. ಯಲಹಂಕದ ಹತ್ರ ಒಂದು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತಾರೆ, ಮನೆ ಸಂಜಯನಗರ. ಒಂದು ಮಧ್ಯಾಹ್ನ ಬಂದೋರೇ, ಟವೆಲ್‌ನಲ್ಲಿ ಸುತ್ತಿದ್ದ ಕ್ಯಾಮೆರಾನ ಮಗೂನ ಮಲಗಿಸ್ದಂಗೆ ಟೇಬಲ್ ಮೇಲೆ ಮಲಗಿಸಿದ್ರು.

"ಅಜ್ಜಾರ, ನನ್ನ ಮರ್ಯಾದಿ ನಿಮ್ಮ ಕೈಯಾಗ ಐತ್ರಿ."

"ನನ್ ಕೈಯಾಗೆ ಸ್ಕ್ರೂ ಡ್ರೈವರ್ ಐತೆ. ನಿಮ್ ಮರ್ಯಾದೆ ಎಲ್ಲಿಂದ ಬಂತು?"

"ಇದು ನಮ್ಮ ಮಾವನೋರು ಮದುವ್ಯಾಗ ಕೊಟ್ಟ ಕ್ಯಾಮೆರಾರಿ. ಹನ್ನೊಂದು ವರ್ಷ ಆತು. ಫೋನ್ ಮಾಡಿದಾಗೊಮ್ಮೆ ಕೇಳ್ತಾರ, ಕ್ಯಾಮೆರಾ ಹೆಂಗೈತಿ ಅಳಿಯಂದ್ರ ಅಂತ. ನಾನು ಫಸ್ಟ್ ಕ್ಲಾಸ್ ಐತ್ರಿ, ಭಾರೀ ಫೋಟೋ ಬರ್ತಾವ್ರಿ ಅಂತೀನಿ."

"ಒಳ್ಳೇದಾಯ್ತಲ್ಲ."

"ಒಂದ್ ಫೋಟೋನೂ ತೆಗದಿಲ್ರಿ! ಎಲ್ಲಾ ಮೊಬೈಲ್‌ನಾಗ. ಈಗ ಇನ್ನ ಇಪ್ಪತ್ತು ದಿನಕ್ಕ ಮಾವನೋರು ಬರಾಕತ್ತಾರ. ಇದ ಕ್ಯಾಮೆರಾದಾಗ ಮನಿ ಮಂದಿ ಎಲ್ಲಾರ್ದೂ ಫೋಟೋ ತೆಗೀಬೇಕಂತ. ರೀಲೂ ಅವರ ತರ್ತಾರಂತ. ಫೋಟೋ ಬರಲಿಲ್ಲಂದ್ರ ಹನ್ನೊಂದು ವರ್ಷದ ಸುಳ್ಳು ಒಂದ ದಿನಕ್ಕ ಬಯಲಾಗ್ತೈತ್ರಿ!"

ಅಯ್ಯೋ ಪಾಪ ಅನ್ನಿಸ್ತು. "ಹೆದರ್ಬೇಡಿ ಮೇಷ್ಟ್ರೇ, ನನ್ ಕೈಗೆ ಬಂದ ಶಟರ್ ಯಾವತ್ತೂ ಸತ್ತಿಲ್ಲ" ಅಂತ ಏಳಿ ಹಿಂದಿನ ಬಾಗ್ಲು ತೆಗೆದೆ. ತೆಗೆದ್ನೋ ಇಲ್ವೋ, ಗಮ್ ಅಂತ ವಾಸನೆ! ಒಳಗೆಲ್ಲ ಕೆಂಪಗೆ ಕುಂಕುಮ. ಅದರ ಮೇಲೆ ವಿಭೂತಿ. ಮೂಲೇಲಿ ಒಣಗಿದ ಸೇವಂತಿಗೆ ಎಸಳು.

"ಮೇಷ್ಟ್ರೇ, ಇದು ಕ್ಯಾಮೆರಾನೋ ಗರ್ಭಗುಡಿನೋ?"

ಮೇಷ್ಟ್ರು ಬೆವರು ಒರೆಸ್ಕೊಂಡು ಎಂಡ್ತಿಗೆ ಫೋನ್ ಹಚ್ಚಿದ್ರು. ಆಯಮ್ಮ ಒಸಿನೂ ಅಳುಕ್ದೆ ಏಳ್ತು: "ವರ್ಷಾ ಆಯುಧ ಪೂಜಿಗೆ ಹಚ್ಚತೇನ್ರಿ. ಗಾಡಿಗೆ, ಮಿಕ್ಸರ್‌ಗೆ, ಗ್ಯಾಸ್ ಒಲಿಗೆ ಹೊರಗ ಹಚ್ಚತೇನಿ. ಇದು ಅಪ್ಪಾಜಿ ಕೊಟ್ಟದ್ದಲ್ರಿ, ಹೊರಗ ಹಚ್ಚಿದ್ರ ಅಳಿಸಿ ಹೋಗ್ತೈತಿ ಅಂತ ಒಳಗ ಹಚ್ಚೇನಿ."

ಹನ್ನೊಂದು ಆಯುಧ ಪೂಜೆ ಕುಂಕುಮ! ಒಳಗಿದ್ದ ಹಳೇ ಎಣ್ಣೆ ಜೊತೆ ಸೇರಿ ಮ್ಯಾಗ್ನೆಟ್ಟಿನ ಮುಖದ ಮೇಲೆ ಗೋಂದು ಆಗ್ಬುಟ್ಟೈತೆ. ಕರೆಂಟು ಕಟ್ಟಾದ್ರೂ ಪರದೆ ಅಂಟ್ಕೊಂಡೇ ನಿಂತದೆ. ಬಾಗ್ಲು ಮುಚ್ಚೋನು ತೂಕಡಿಸ್ತಾವ್ನೆ! ಶಟರ್ ಪೂರ್ತಿ ಈಚೆಗೆ ಬಿಚ್ಕೊಂಡು, ಸ್ಪಿರಿಟ್ ಹಾಕಿ, ಬೆಂಕಿಕಡ್ಡಿ ತುದೀಗೆ ಹತ್ತಿ ಸುತ್ಕೊಂಡು, ನಾಲ್ಕು ದಿನ ಒರೆಸಿದೆ. ಮ್ಯಾಗ್ನೆಟ್ಟಿನ ಮುಖ ಕನ್ನಡಿ ಆಗೋಯ್ತು. ಖುಷಿ ತಡೀಲಾರ್ದೆ ನಾನೇ ಮೇಷ್ಟ್ರ ಮನೆಗೆ ಫೋನ್ ಮಾಡ್ದೆ. ಆಯಮ್ಮ ಎತ್ತಿತು.

"ಅಮ್ಮಾ, ಪೂರ್ತಿ ಕ್ಲೀನು! ಒಂದು ಕಣ ಕುಂಕುಮ ಬುಟ್ಟಿಲ್ಲ!"

ಆ ಕಡೆಯಿಂದ ಗಾಬರಿ ದನಿ: "ಅಯ್ಯ ಅಜ್ಜಾರ, ಬರೇ ಹಣೀಲೆ ಕಳಿಸಬ್ಯಾಡ್ರೀ, ಒಂದ್ ಬೊಟ್ಟರೆ ಇಡ್ರಿ!"

೨. ಮಿಣಮಿಣ ಚಪ್ಲಿ

ಬೊಟ್ಟು ಇಟ್ಟೆ, ತಳದ ಸ್ಕ್ರೂ ಮೇಲೆ. ಮೇಷ್ಟ್ರು ತಕ್ಕೊಂಡು ಹೋಗಾಕೆ ಬಂದ್ರು, ಸೆಲ್ಲು ತಾವೇ ತಂದು ಹಾಕಿದ್ರು. ನಾನು ಕಿವಿ ಹತ್ರ ಮಡಕ್ಕೊಂಡು ಒತ್ತಿ ನೋಡ್ದೆ. "ಸಾವಿರದಲ್ಲಿ ಒಂದು, ಕರೆಕ್ಟು" ಅಂದೆ. ನನ್ ಕಿವಿನೇ ಮೀಟರು ಕಣ್ರೀ. ಶಟರ್ ಬಿದ್ದ ಸದ್ದಲ್ಲೇ ಏಳ್ತೀನಿ.

ಮೇಷ್ಟ್ರು ನಂಬ್ಲಿಲ್ಲ. ಕಾಲೇಜ್ ಲ್ಯಾಬಿಂದ ಒಂದು ಬೆಳಕಿನ ಕಣ್ಣು, ವೈರು ತಂದಿದ್ರು. ಮುಂದೆ ಟಾರ್ಚು, ಹಿಂದೆ ಆ ಕಣ್ಣು, ವೈರು ಮೊಬೈಲ್‌ಗೆ. ಒತ್ತಿದ್ರೆ ಶಟರ್ ಎಷ್ಟೊತ್ತು ತೆರ್ಕೊಂಡಿತ್ತು ಅಂತ ಮೊಬೈಲ್‌ನಲ್ಲಿ ಗೆರೆ ಬೀಳ್ತದೆ.

"ಅಜ್ಜಾರ, ಅರ್ಧಾನೂ ತೆರೆಯವಲ್ದು. ಫೋಟೋ ಕಪ್ಪಗ ಬರ್ತಾವ."

"ನಿಮ್ ಮೊಬೈಲ್ ಕೆಟ್ಟೋಗೈತೆ."

"ಮೊಬೈಲ್ ಹೊಸಾದ್ರಿ."

"ಅದಕ್ಕೇ ಮತ್ತೆ! ಅದಕ್ಕಿನ್ನೂ ಬುದ್ಧಿ ಬಂದಿಲ್ಲ."

ಇನ್ನೊಂದ್ ಸಲ ಒತ್ತಿದ್ವಿ. ಇನ್ನೂ ಬೇಗ ಮುಚ್ಕೊಂತು. ಮೂರನೇ ಸಲ ಇನ್ನೂ ಬೇಗ. ತಡವಾಗಿ ಮುಚ್ಚೋನ್ನ ಎಬ್ಬಿಸಿ ನಿಲ್ಲಿಸಿದ್ರೆ ಈಗ ಯಾರೂ ಬರೋಕ್ ಮುಂಚೆ ಬಾಗ್ಲು ಜಡೀತಾವ್ನೆ! ಅಂದ್ರೆ ಮ್ಯಾಗ್ನೆಟ್ಟಿಗೆ ಇಡ್ಕೊಳ್ಳೋ ಶಕ್ತಿ ಸಾಲ್ತಿಲ್ಲ. ಊಟ ಇಲ್ದಿರೋ ಕಾವಲುಗಾರ ಎಷ್ಟೊತ್ತು ನಿಂತಾನು? ತಳ ಬಿಚ್ಚಿ ಗುಂಡಿ ಬ್ಯಾಟರಿ ಈಚೆಗೆ ತೆಗೆದೆ.

"ಇದೆಲ್ಲಿದು ಮೇಷ್ಟ್ರೇ? ನಾನು ಬೆಳ್ಳಿ ಸೆಲ್ಲೇ ತನ್ನಿ ಅಂದಿದ್ನಲ್ಲ. ಅದಾದ್ರೆ ಸಾಯೋ ಗಂಟ ಒಂದೇ ಸಮ ಕರೆಂಟು ಕೊಡ್ತದೆ. ಇದು ಅಗ್ಗದ್ದು, ದಿನಾ ಒಸಿ ಒಸಿ ಸೋರೋಗ್ತದೆ."

"ಅಳತಿ ಒಂದ ಇತ್ರಿ..." ಅಂತ ಮೇಷ್ಟ್ರು ಗೊಣಗಿದ್ರು.

"ಅಳತೆ ಒಂದೇ ಇದ್ರೆ ಆಯ್ತಾ? ನೀವೂ ನಾನೂ ಒಂದೇ ಉದ್ದ ಇದ್ದೀವಿ, ನಿಮ್ ಎಂಡ್ತಿ ನನ್ನ ಮನೆಗೆ ಸೇರಿಸ್ತಾರಾ? ಎಲ್ಲಿಂದ ಕಿತ್ರಿ, ಏಳಿ!"

ಮೇಷ್ಟ್ರು ಬಾಯಿ ತೆಗೆಯೋ ಅಷ್ಟರಲ್ಲಿ ಅವರ ಎಂಡ್ತಿ, ನಾಲ್ಕು ವರ್ಷದ ಮಗಳನ್ನ ಕರ್ಕೊಂಡು ಆಟೋ ಇಳಿದ್ರು. ಮಗೀನ ಕಾಲಲ್ಲಿ ನಡೆದ್ರೆ ಮಿಣಮಿಣ ಅನ್ನೋ ಚಪ್ಲಿ. ಬಲಗಾಲು ಮಿಣ್ ಅಂತು. ಎಡಗಾಲು ಕತ್ತಲೆ. ಮತ್ತೆ ಬಲಗಾಲು ಮಿಣ್. ಎಡಗಾಲು ಕತ್ತಲೆ.

ನನ್ ಕೈಯಾಗೆ ಎರಡು ಸೆಲ್ಲು. ಮಗು ಅದನ್ನ ನೋಡ್ತು, ತನ್ನ ಎಡಗಾಲು ನೋಡ್ಕೊಂತು, ಆಮೇಲೆ ನನ್ ಮುಖ ದುರುಗುಟ್ಟಿಕೊಂಡು ನೋಡಿ ಅಮ್ಮನ ಸೆರಗು ಜಗ್ಗಿ ಬೆಟ್ಟು ಮಾಡಿ ಏಳ್ತು:

"ಅವ್ವಾ, ಕಳ್ಳ ಅಜ್ಜ ಸಿಕ್ಕ!"

೩. ಪೂರ್ವಕ್ಕೆ ಸರಿ, ದಕ್ಷಿಣಕ್ಕೆ ತಪ್ಪು

ಬೆಳ್ಳಿ ಸೆಲ್ಲು ಬಂತು. ಮಾವ ಬರಾಕೆ ಇನ್ನು ಎಂಟು ದಿನ. ಅಂಗಡೀಲಿ ಒತ್ತಿ ನೋಡಿದ್ವಿ. ಬಾಗ್ಲು ಮುಚ್ಚೋನು ಮತ್ತೆ ತಡ! ಮ್ಯಾಗ್ನೆಟ್ಟು ಒರೆಸಿದೆ, ಮತ್ತೆ ಒತ್ತಿದೆ, ಮತ್ತೆ ತಡ. ಮೇಷ್ಟ್ರ ಮುಖ ನೋಡಾಕಾಗ್ತಿರ್ಲಿಲ್ಲ. "ಬನ್ನಿ, ಒಂದು ಟೀ ಕುಡ್ಯಾನ" ಅಂತ ಎದುರಿನ ಟೀ ಅಂಗಡೀಗೆ ಕರ್ಕೊಂಡ್ ಹೋದೆ. ಅಲ್ಲಿ ಬೆಂಚ್ ಮೇಲೆ ಸುಮ್ನೆ ಒತ್ತಿ ನೋಡಿದ್ರೆ, ಕರೆಕ್ಟು! ಹತ್ತು ಸಲ ಒತ್ತಿದ್ವಿ, ಹತ್ತೂ ಕರೆಕ್ಟು! ಕುಣಿದಾಡಿಕೊಂಡು ಅಂಗಡೀಗೆ ಬಂದು ಒತ್ತಿದ್ರೆ ತಡ. ಮತ್ತೆ ಟೀ ಅಂಗಡಿಗೆ ಓಡಿದ್ವಿ. ಕರೆಕ್ಟು!

ಇಂಗೆ ಮೂರು ದಿನ ರೋಡು ದಾಟಿದ್ದೇ ದಾಟಿದ್ದು. ಟೀ ಕುಡಿಯಾಕೆ ಬಂದೋರೆಲ್ಲ ಏನೋ ಪೇಪರ್‌ಗೆ ಫೋಟೋ ತೆಗೀತಾವ್ರೆ ಅಂದ್ಕೊಂಡು, ಕ್ಯಾಮೆರಾ ಕಂಡ ತಕ್ಷಣ ತಲೆ ಬಾಚ್ಕೊಳೋರು.

ಕೊನೆಗೆ ಟೀ ಅಂಗಡಿಯೋನೇ ಏಳ್ದ: "ಯಜಮಾನ್ರೆ, ಬೇಜಾರ್ ಮಾಡ್ಕೋಬೇಡಿ. ನಿಮ್ ಅಂಗಡಿ ವಾಸ್ತು ಸರಿಯಿಲ್ಲ. ನೀವು ದಕ್ಷಿಣಕ್ಕೆ ಮುಖ ಮಾಡಿ ಕೂರ್ತೀರಾ. ನಂದು ಪೂರ್ವ. ನೋಡಿ, ನನ್ ಹಾಲು ಕೂಡ ಇದುವರ್ಗೂ ಒಡೆದಿಲ್ಲ."

ಮೇಷ್ಟ್ರು ಎಗರಿ ಬಿದ್ರು. "ಏನ್ ಮಾತಾಡ್ತೀರ್ರಿ! ನಾನು ಫಿಸಿಕ್ಸ್ ಕಲಸಾಂವ. ಶಟರ್‌ಗೆ ಪೂರ್ವ ಯಾವ್ದು ದಕ್ಷಿಣ ಯಾವ್ದು ಗೊತ್ತಿರ್ತೈತೇನ್ರಿ?"

"ತಿರುಗಿಸಿ ನೋಡಿದ್ರೆ ನಿಮ್ದೇನ್ ಗಂಟೋಗ್ತದೆ?" ಅಂದ ಅವನು.

ಅದೂ ದಿಟ ಅನ್ನಿಸ್ತು. ಮೇಷ್ಟ್ರು ಒಂದು ಕಡೆ, ನಾನೊಂದು ಕಡೆ ಹಿಡ್ಕೊಂಡು ಟೇಬಲ್ ತಿರುಗಿಸಿ ಪೂರ್ವಕ್ಕೆ ಹಾಕಿದ್ವಿ. ಒತ್ತಿದ್ವಿ. ಕರೆಕ್ಟು! ವಾಪಸ್ ದಕ್ಷಿಣಕ್ಕೆ ಹಾಕಿ ಒತ್ತಿದ್ವಿ. ತಡ! ಪೂರ್ವಕ್ಕೆ ಸರಿ, ದಕ್ಷಿಣಕ್ಕೆ ತಪ್ಪು. ನನಗಂತೂ ಮೈ ಜುಂ ಅಂತು! ನಲವತ್ತು ವರ್ಷದಲ್ಲಿ ಇಂತಾದ್ದು ನೋಡಿರ್ಲಿಲ್ಲ. ಟೀ ಅಂಗಡಿಯೋನು ರೋಡಲ್ಲಿ ನಿಂತು ಬಂದೋರಿಗೆಲ್ಲ ಕತೆ ಏಳ್ತಾವ್ನೆ. ಫಿಸಿಕ್ಸ್ ಮೇಷ್ಟ್ರು ಕುರ್ಚಿ ಮೇಲೆ ಕುಸಿದು, ನೋಟ್‌ಬುಕ್ ತೆಗ್ದು, "ಪೂರ್ವ – ಸರಿ, ದಕ್ಷಿಣ – ತಪ್ಪು" ಅಂತ ಅಚ್ಚುಕಟ್ಟಾಗಿ ಬರ್ಕೊಂಡು ಕೆಳಗೆ ಎರಡು ಗೆರೆ ಎಳೆದ್ರು.

ಎದ್ದು ಹೊರಟ್ರು. ರ‍್ಯಾಕಿನ ಮೇಲೆ ಮಡಗಿದ್ದ ಸ್ಕೂಟರ್ ಕೀ ತಕ್ಕಳಾಕ್ ಹೋದ್ರು. ಎಳೆದ್ರು. ಮತ್ತೆ ಎಳೆದ್ರು.

"ಅಜ್ಜಾರ, ಕೀಲಿ ಬರವಲ್ದು."

ನಂಗೆ ತಕ್ಷಣ ಹೊಳೀತು. ಬೆಳ್ಳಿ ಸೆಲ್ಲು ಬರೋಕ್ ಮುಂಚೆ ತಾನೇ, ಬಿದ್ದ ಸ್ಕ್ರೂ ಹಿಡಿಯಾಕೆ ಅಂತ ಹಳೇ ಸ್ಪೀಕರ್ ಒಡೆದು ಅದರ ದೊಡ್ಡ ಮ್ಯಾಗ್ನೆಟ್ಟು ಆ ಕಬ್ಬಿಣದ ರ‍್ಯಾಕಿಗೆ ಅಂಟಿಸಿದ್ದೆ. ಟೇಬಲ್ ದಕ್ಷಿಣಕ್ಕಿದ್ರೆ ಕ್ಯಾಮೆರಾ ಕೂರೋದು ಅದರ ಪಕ್ಕದಲ್ಲೇ! ಒಳಗಿನ ಪುಟಾಣಿ ಮ್ಯಾಗ್ನೆಟ್ಟಿಗೆ ಕರೆಂಟು "ಬುಡು" ಅಂದ್ರೆ, ಪಕ್ಕದ ದೊಡ್ಡಣ್ಣ "ಇಡ್ಕೋ, ಇಡ್ಕೋ" ಅಂತಾವ್ನೆ! ಟೇಬಲ್ ತಿರುಗಿಸಿದ್ರೆ ದೊಡ್ಡಣ್ಣ ದೂರ.

ಮೇಷ್ಟ್ರು ನೋಟ್‌ಬುಕ್ಕಿನ ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಕೊಂಡು, "ಇದು ನಮ್ಮ ಕಾಲೇಜಿನಾಗ ಯಾರಿಗೂ ಗೊತ್ತಾಗಬಾರ್ದು" ಅಂದ್ರು.

ಮ್ಯಾಗ್ನೆಟ್ಟು ಕಿತ್ತು ಹಿತ್ಲಿಗೆ ಹಾಕ್ದೆ. ಟೇಬಲ್ ಮಾತ್ರ ಇವತ್ತಿಗೂ ಪೂರ್ವಕ್ಕೇ ಐತೆ. ಶಟರ್ ಸರಿಹೋಗಿದ್ದು ಮ್ಯಾಗ್ನೆಟ್ಟು ತೆಗ್ದಿದ್ದಕ್ಕೆ, ಒಪ್ಕೊಂಡೆ. ಆ ವಾರದಿಂದ ಗಿರಾಕಿ ಎರಡರಷ್ಟು ಆದ್ರಲ್ಲ, ಅದಕ್ಕೆ ಯಾವ ಮ್ಯಾಗ್ನೆಟ್ಟು ತೆಗ್ದಿದ್ದೆ, ಏಳಿ ನೋಡಾನ!

೪. ಪ್ರೊಫೆಸರ್ ನಾನೇ

ಮಾವ ಬಂದ್ರು. ಬೆಳಿಗ್ಗೆನೇ ಮೇಷ್ಟ್ರ ಫೋನು, ದನಿ ಪಿಸುಪಿಸು.

"ಅಜ್ಜಾರ, ಇವತ್ತ ಫೋಟೋ. ನೀವೂ ಬರ್ರಿ. ನಡುವ ಶಟರ್ ಹಿಡಕೊಂತಂದ್ರ ನನ್ನ ಕೈಲೆ ಆಗಂಗಿಲ್ಲ. ಆದ್ರ ರಿಪೇರಿಯವರು ಅಂತ ಹೇಳಬ್ಯಾಡ್ರಿ. ರಿಪೇರಿ ಅಂದ್ರ ಕೆಟ್ಟಿತ್ತಂತ ಗೊತ್ತಾಗ್ತೈತಿ. ನಮ್ಮ ಕಾಲೇಜಿನ ಪ್ರೊಫೆಸರ್ ಅಂತ ಹೇಳೇನಿ."

ನಾನು! ಪ್ರೊಫೆಸರ್! ಇಸ್ತ್ರಿ ಶರ್ಟು ಹಾಕ್ಕೊಂಡೆ, ಮೀಸೆ ತಿರುವ್ದೆ, ಓದೋ ಕನ್ನಡಕ ಮೂಗಿನ ತುದೀಗ್ ಸಿಗಿಸ್ಕೊಂಡು ಸಂಜಯನಗರಕ್ಕೆ ಹೋದೆ. ಮಾವ ಜಗುಲಿ ಮೇಲೆ ಕೂತಿದ್ರು. ಬಿಳಿ ಧೋತ್ರ, ಬಿಳಿ ಟೋಪಿ, ಕಣ್ಣು ಮಾತ್ರ ಸೂಜಿ.

"ಏನು ಕಲಸ್ತೀರಿ ಪ್ರೊಫೆಸರ್ ಸಾಹೇಬ್ರ?"

"ಬಾಗ್ಲು ತೆಗೆಯೋದು, ಮುಚ್ಚೋದು" ಅಂದ್ಬುಟ್ಟೆ.

ಮೇಷ್ಟ್ರಿಗೆ ಕೆಮ್ಮು ಬಂತು. "ಅಂದ್ರ... ಬೆಳಕಿಂದ್ರಿ ಮಾವಾರ. ಬೆಳಕಿನ ಬಗ್ಗೆ ಕಲಸ್ತಾರ."

"ಹೌದಾ? ನಮಗೂ ಒಂದೀಟು ಹೇಳ್ರಿ ಮತ್ತ."

ಕೇಳಿದ್ ಮೇಲೆ ಬುಡ್ತೀನಾ! ಛತ್ರ, ಊಟದ ಹಾಲ್, ತೆಗೆಯೋನು, ಮುಚ್ಚೋನು, ಎಲ್ಲ ಕೈ ಬೀಸಿ ಬೀಸಿ ಏಳ್ದೆ. ಮಾವ ಬಾಯಿ ತೆರ್ಕೊಂಡು ಕೇಳಿದ್ರು. "ಇಷ್ಟು ತಿಳಿಯಂಗ ಹೇಳೋ ಪ್ರೊಫೆಸರ್‌ನ ನಾ ಜಲ್ಮದಾಗ ನೋಡಿಲ್ಲ ಬಿಡ್ರಿ" ಅಂದ್ರು. ನನ್ ಎದೆ ಇಷ್ಟಗಲ ಆಯ್ತು.

ತಾರಸಿ ಮೇಲೆ ಫೋಟೋ. ಮಾವ ತಾವೇ ರೀಲ್ ಹಾಕಿದ್ರು. ಎಲ್ರೂ ನಿಂತ್ರು, ಮಗೀನ ಎರಡೂ ಚಪ್ಲಿ ಮಿಣಮಿಣ ಅಂತಾವೆ. ಮೇಷ್ಟ್ರು ಕೆಲವು ಒತ್ತಿದ್ರು, ಮಾವ ಕೆಲವು ಒತ್ತಿದ್ರು, ಎಲ್ರೂ ಸೇರಿದ್ದು ನಾನು ಒತ್ತಿದೆ. ಒಂದೊಂದು ಸಲ "ಟಕ್" ಅಂದಾಗ್ಲೂ ಮೇಷ್ಟ್ರು ಕಣ್ ಮುಚ್ಕೊಂಡ್ಬುಡೋರು. ಮೇಷ್ಟ್ರು ಇರೋ ಒಂಬತ್ತು ಫೋಟೋದಲ್ಲೂ ಅವರು ನಿದ್ದೆ ಮಾಡ್ದಂಗೆ ಬಂದವ್ರೆ, ಅದು ಶಟರ್ ತಪ್ಪಲ್ಲ.

ಮೂರು ದಿನ ಬುಟ್ಟು ಪ್ರಿಂಟು ಬಂತು. ಪ್ರೊಫೆಸರ್‌ಗೂ ಊಟಕ್ಕೆ ಕರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಯಾರಿಗೆ ಬೇಕು ಊಟ? ಎಲ್ರ ಕಣ್ಣೂ ಆ ಕವರ್ ಮೇಲೆ. ಮಾವ ಕೈ ಒರೆಸ್ಕೊಂಡು ಕವರ್ ಬಿಚ್ಚಿದ್ರು. ಮೇಷ್ಟ್ರು ರೊಟ್ಟಿನ ನೀರಿನ ಲೋಟಕ್ಕೆ ಅದ್ದಿದ್ರು.

ಮೊದಲನೇ ಫೋಟೋ. ಅಬ್ಬಬ್ಬಾ! ಸೀರೆ ಅಂಚಿನ ಎಳೆ ಎಳೆ ಕಾಣ್ತದೆ, ಮಾವನ ಟೋಪಿ ಬಿಳುಪು ಬೇರೆ, ಧೋತ್ರದ ಬಿಳುಪು ಬೇರೆ! ಎರಡನೇದು, ಮೂರನೇದು, ಎಲ್ಲ ಅಂಗೇ! ನಂಗೆ ಎದ್ದು ಕುಣಿಯೋಣ ಅನ್ನಿಸ್ತು. ಪ್ರೊಫೆಸರ್ ಕುಣೀಬಾರ್ದು ಅಂತ ಎಣ್ಣೆಗಾಯಿ ನುಂಗಿಕೊಂಡೆ.

ಮಾವ ಮಾತ್ರ ನಗ್ಲಿಲ್ಲ. ಫೋಟೋ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿದ್ರು.

"ಅಳಿಯಂದ್ರ, ಇವು ಖರೇನ ಈ ಕ್ಯಾಮೆರಾದಾಗ ಬಂದಾವೇನ್ರಿ?"

ಮೇಷ್ಟ್ರಿಗೆ ಧೈರ್ಯ ಬಂದ್ಬುಟ್ಟಿತ್ತು. "ಹೌದ್ರಿ ಮಾವಾರ. ಇದೇನ್ ಹೊಸಾದಲ್ಲ, ಹನ್ನೊಂದು ವರ್ಷದಿಂದ ಹಿಂಗ ಫಸ್ಟ್ ಕ್ಲಾಸ್ ಬರ್ತಾವ್ರಿ."

"ಹನ್ನೊಂದು ವರ್ಷದಿಂದ?"

"ಹೂನ್ರಿ."

ಮಾವ ಫೋಟೋ ಕೆಳಗಿಟ್ರು. ಹೊಟ್ಟೆ ಕುಲುಕಕ್ಕೆ ಶುರುವಾಯ್ತು. ಟೋಪಿ ತೆಗ್ದು ತೊಡೆ ಮೇಲೆ ಇಟ್ಕೊಂಡು ನಕ್ಕಿದ್ದೇ ನಕ್ಕಿದ್ದು!

"ಎಲೆ ತಮ್ಮಾ, ನಾನು ಇದನ್ನ ಕೊಂಡ ದಿನದಿಂದ ಒಂದ ಒಂದು ಫೋಟೋ ಬಂದಿದ್ದಿಲ್ಲ! ಎಲ್ಲಾ ಬೆಳ್ಳಗ, ಹಾಲು ಚೆಲ್ಲಿದಂಗ. ಗದಗ ಆತು, ಹುಬ್ಬಳ್ಳಿ ಆತು, ಯಾರ ಕೈಲೂ ರಿಪೇರಿ ಆಗಲಿಲ್ಲ. ಅಳಿಯ ಫಿಸಿಕ್ಸ್ ಓದ್ಯಾನ, ಅಂವ ಸರಿ ಮಾಡ್ಕೊಂತಾನ ಅಂತ ನಿಮಗ ಕೊಟ್ಟೆ. ಫೋನ್ ಮಾಡಿ ಕೇಳಿದ್ರ ಫಸ್ಟ್ ಕ್ಲಾಸ್ ಅಂದ್ರಿ. ಇವತ್ತರ ಖರೆ ಹೇಳ್ತಾರ, ನಾಳೆರ ಖರೆ ಹೇಳ್ತಾರ ಅಂತ ಹನ್ನೊಂದು ವರ್ಷ ಕೇಳೇನಿ ನಾನು!"

ಮೇಷ್ಟ್ರು ರೊಟ್ಟಿ ಹಿಂದೆ ಮುಖ ಮರೆ ಮಾಡ್ಕೊಂಡ್ರು. ಆಯಮ್ಮ ಸೆರಗು ಬಾಯಿಗೆ ತುರುಕ್ಕೊಂಡು ಅಡುಗೆ ಮನೆಗೆ ಓಡ್ತು. ನಾನು ಮೆಲ್ಲಗೆ ಎದ್ದು ಕೈ ತೊಳೆಯಾಕೆ ಹೊರಟೆ. ಆ ಸೂಜಿ ಕಣ್ಣು ನನ್ ಕಡೆ ತಿರುಗ್ತು. ನನ್ ಜೇಬಲ್ಲಿ ಸಣ್ಣ ಸ್ಕ್ರೂ ಡ್ರೈವರ್ ತಲೆ ಎತ್ಕೊಂಡು ನಿಂತಿತ್ತು.

"ಪ್ರೊಫೆಸರ್ ಸಾಹೇಬ್ರ, ಎಲ್ಲೈತಿ ನಿಮ್ಮ ಅಂಗಡಿ?"

"ಆರ್.ಟಿ. ನಗರ ಸಾರ್. ಟೀ ಅಂಗಡಿ ಎದುರು."

"ಭಲೇ! ಗದಗ ಹುಬ್ಬಳ್ಳಿ ಮಂದಿಗೆ ಆಗದ ಕೆಲಸ ನೀವು ಮಾಡೀರಿ" ಅಂತ ಎದ್ದು ಬಂದು ಎಂಜಲು ಕೈನೇ ಹಿಡ್ಕೊಂಡು ಕುಲುಕಿದ್ರು. ನನ್ ಜಲ್ಮ ಸಾರ್ಥಕ ಆಯ್ತು ಕಣ್ರೀ!

ಆಮೇಲೆ ಮಾವ ಕ್ಯಾಮೆರಾನ ಟವೆಲ್‌ನಲ್ಲಿ ಸುತ್ತಿ, ಸೀದಾ ತಮ್ಮ ಚೀಲಕ್ಕೆ ಇಟ್ಕೊಂಡು ಜಿಪ್ ಎಳೆದ್ರು.

ಮೇಷ್ಟ್ರು ಗಾಬರಿ ಬಿದ್ದು ಎದ್ರು. "ಮಾವಾರ, ಅದು ನಮಗ ಕೊಟ್ಟದ್ದಲ್ರೀ!"

"ನಾ ಕೊಟ್ಟದ್ದು ಕೆಟ್ಟ ಕ್ಯಾಮೆರಾ. ಇದು ಛಲೋ ಐತಿ, ಇದು ನಂದು" ಅಂತ ಮಾವ ಚೀಲ ಬಗಲಿಗೆ ಹಾಕ್ಕೊಂಡ್ರು. "ನಿಮಗ್ಯಾಕ ಚಿಂತಿ ಅಳಿಯಂದ್ರ? ಹನ್ನೊಂದು ವರ್ಷ ತೆಗದ ಫಸ್ಟ್ ಕ್ಲಾಸ್ ಫೋಟೋ ಅದಾವಲ್ಲ, ಅವನ್ನ ನೋಡ್ಕೋಂತ ಕುಂದರ್ರಿ!"